ನಲವತ್ತೊಂದನೆಯ ಕಣದವರಿಗೆ ಒಂದು ಮನವಿ

ಮಾನ್ಯರೇ,

ಗಾಜಿನ ತಟ್ಟೆಯ ಮೇಲೆ, ಒಂದೇ ಒಂದು ಹನಿ ನೀರಿನಲ್ಲಿ, ಸೂಕ್ಷ್ಮದರ್ಶಕಕ್ಕೆ ಮಾತ್ರ ದರ್ಶನ ಕೊಡುತ್ತಾ ತಾವು ಕ್ಷೇಮವಾಗಿದ್ದೀರೆಂದು ನಂಬಿ, ಪ್ರಯೋಗಾಲಯದ ಸಹಾಯಕಿಯಾದ ನಾನು ಈ ಬಹಿರಂಗ ದೂರನ್ನು ಸವಿನಯವಾಗಿ ಸಲ್ಲಿಸುತ್ತಿದ್ದೇನೆ.

ನಮ್ಮ ಕೆಲಸ ತಮಗೆ ತಿಳಿಯದ್ದೇನಲ್ಲ. ತಟ್ಟೆಯ ಯಾವ ಜಾಗಕ್ಕೆ ಬೆಳಕು ಬೀಳುತ್ತದೋ ಅಲ್ಲಿ ಮಾತ್ರ ವಿದ್ಯುತ್ತಿನ ಬಲ ಹುಟ್ಟುತ್ತದೆ. ಆ ಬಲಕ್ಕೆ ಬೆದರಿ ಪ್ಲಾಸ್ಟಿಕ್ ಮಣಿಗಳು ಪಕ್ಕಕ್ಕೆ ಸರಿಯುತ್ತವೆ. ಹೀಗೆ ಬೆಳಕಿನ ಗೆರೆಯನ್ನೇ ಕೋಲಾಗಿ ಹಿಡಿದು, ಕೈ ಸೋಕಿಸದೆ, ಕಣ್ಣಿಗೆ ಕಾಣದ ನಲವತ್ತು ಮಣಿಗಳನ್ನು ಸಾಲಾಗಿ ನಿಲ್ಲಿಸುವುದನ್ನು ಕಲಿಯಲು ನನಗೆ ಮೂರು ವರ್ಷ ಹಿಡಿಯಿತು. "ನಲವತ್ತು ಮಣಿಗೆ ಮೂರು ವರ್ಷನಾ? ಸೂಜಿ-ದಾರ ಕೊಡ್ಲೇನೇ?" ಎಂದು ನನ್ನ ಅಕ್ಕ ಕೇಳಿದ್ದನ್ನೂ ನುಂಗಿಕೊಂಡೆ.

ಇಂದು ಪರಿಶೀಲನಾ ಸಮಿತಿಯವರು ಬಂದದ್ದು, ನಾನು ಕೆಲಸದಲ್ಲಿ ಉಳಿಯಬೇಕೇ ಮನೆಗೆ ಹೋಗಬೇಕೇ ಎಂದು ತೀರ್ಮಾನಿಸಲು. ನಲವತ್ತೂ ಮಣಿಗಳು ಶಾಲೆಯ ಮಕ್ಕಳಂತೆ ಸಾಲು ಹಿಡಿದಿದ್ದವು. ಆಗ ಯಾರೂ ಕರೆಯದ ತಾವು ದಯಮಾಡಿಸಿ, ಎಲ್ಲರೂ ಬೆಳಕಿನಿಂದ ಹಿಂದೆ ಸರಿದರೆ ತಾವೊಬ್ಬರೇ ಸೀದಾ ಬೆಳಕಿನೊಳಗೆ ನುಗ್ಗಿ, ಗೆರೆಯ ನಟ್ಟನಡುವೆ ಫೋಟೋಗೆ ನಿಂತ ಗಣ್ಯರಂತೆ ನಿಂತುಬಿಟ್ಟಿರಿ. ಬೆಳಕನ್ನು ಎಡಕ್ಕೆ ಸರಿಸಿದೆ, ತಾವೂ ಎಡಕ್ಕೆ ಬಂದಿರಿ. ಬಲಕ್ಕೆ ಒಯ್ದೆ, ಬಾಲದಂತೆ ಬಲಕ್ಕೂ ಬಂದಿರಿ. ಇಂಥ ನಿಷ್ಠೆಯನ್ನು ನಾನು ಮನುಷ್ಯರಲ್ಲೂ ಕಂಡಿಲ್ಲ.

"ಏನಮ್ಮಾ ಅದು?" ಎಂದು ನಮ್ಮ ಮುಖ್ಯಸ್ಥರು ಹಲ್ಲು ಕಚ್ಚಿದರು.

ಸಮಿತಿಯ ಹಿರಿಯ ಸದಸ್ಯೆ ಮಾತ್ರ ಕನ್ನಡಕ ತೆಗೆದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಐದು ನಿಮಿಷ ನೋಡಿ, "ಇದು ಮಣಿ ಅಲ್ಲಮ್ಮಾ, ಜೀವ ಇದೆ ಇದಕ್ಕೆ. ಹಿಟ್ಟು ಉಬ್ಬಿಸೋ ಯೀಸ್ಟ್!" ಎಂದರು. ಬೆಳಿಗ್ಗೆ ಅಕ್ಕನ ಬ್ರೆಡ್ಡಿಗೆ ಹಿಟ್ಟು ನಾದಿ, ಕೈಯನ್ನು ಅರ್ಧಂಬರ್ಧ ತೊಳೆದು ಓಡಿಬಂದದ್ದು ನೆನಪಾಗಿ ನಾನು ನಾಚಿಕೆಯಿಂದ ಭೂಮಿಗಿಳಿದುಹೋದೆ. ಅವರೋ, "ಜೀವ ಇರೋದನ್ನ, ಇಲ್ಲದ್ದನ್ನ ಬೆಳಕೇ ಬೇರೆ ಮಾಡಿಕೊಡ್ತಿದೆಯಲ್ಲ! ಇದನ್ನೇ ಮುಂದುವರಿಸಿ" ಎಂದು ನನಗೆ ಇನ್ನೆರಡು ವರ್ಷದ ಕೆಲಸ ಬರೆದುಕೊಟ್ಟರು. ಮುಖ್ಯಸ್ಥರು ಕೂಡಲೇ, "ಅದಕ್ಕೇ ಅಲ್ವಾ ಮೇಡಂ, ನಾನು ಅದನ್ನ ಬೇಕಂತಲೇ ಹಾಕಿಸಿದ್ದು" ಎಂದರು.

ತಮ್ಮಿಂದ ನನ್ನ ಕೆಲಸ ಉಳಿಯಿತು, ಒಪ್ಪುತ್ತೇನೆ. ಆದರೆ ಮೂರು ವರ್ಷ ನಾನು ಪಳಗಿಸಿದ ಆ ನಲವತ್ತು ಮಣಿಗಳನ್ನು ಒಬ್ಬರೂ ತಿರುಗಿ ನೋಡಲಿಲ್ಲವೆಂಬ ಸಂಕಟ ಯಾರಿಗೆ ಹೇಳಲಿ? ಆದಕಾರಣ, ಮುಂದಿನ ಸಲ ದಯಮಾಡಿಸುವಾಗ ತಾವು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು, ಹಾಜರಿ ಪುಸ್ತಕಕ್ಕೆ ಸಹಿ ಮಾಡಿ, ನನ್ನ ಅಪ್ಪಣೆ ಪಡೆದೇ ಹನಿಯೊಳಗೆ ಇಳಿಯಬೇಕಾಗಿ ಪ್ರಾರ್ಥನೆ.

ಕೈ ಮೂರು ಸಲ ತೊಳೆದುಕೊಂಡು ಬರೆದಿರುವ,
ತಮ್ಮ ವಿಶ್ವಾಸಿ,
ಪ್ರಯೋಗಾಲಯದ ಸಹಾಯಕಿ

ವಿ.ಸೂ.: ಸಹಿ ಹಾಕುವ ಮುನ್ನ ಒಮ್ಮೆ ಇಣುಕಿ ನೋಡಿದೆ, ತಾವೀಗ ಇಬ್ಬರಾಗಿದ್ದೀರಿ. ಅಭಿನಂದನೆಗಳು. ಮಗುವಿನ ಜನನವನ್ನು ಬೇಗ ತಮ್ಮ ಹೆಸರಿನಲ್ಲೇ ನೋಂದಾಯಿಸಿಕೊಳ್ಳಿ. ಮುಖ್ಯಸ್ಥರು ಇತ್ತ ಕಡೆಯೇ ಬರುತ್ತಿದ್ದಾರೆ.