ಹದಿನಾಲ್ಕು ಕಿಲೋ ಸೋತ ಅಳಿಯ

ನನ್ನ ಬುದ್ಧಿವಂತಿಕೆಯ ಮೇಲೆ ನನಗೆ ಯಾವತ್ತೂ ಸಂಶಯ ಇರಲಿಲ್ಲ. ಇದ್ದದ್ದು ನನ್ನ ಹೆಂಡತಿ ಲವೀನಾಳಿಗೆ. ಆದ್ದರಿಂದ ಶನಿವಾರ ಮಧ್ಯಾಹ್ನ ಫೋನಿನಲ್ಲಿ ಪೋಕರ್ ಟೂರ್ನಮೆಂಟ್ ಆಡುವಾಗ ದುಬೈಯ ಅಲ್ ಕುಸೈಸ್‌ನಲ್ಲಿರುವ ನಮ್ಮ ಫ್ಲ್ಯಾಟಿನ ಬಾಲ್ಕನಿಗೆ ಹೋಗಿ, ಏಸಿಯ ಬಿಸಿಗಾಳಿಯಲ್ಲಿ ಬೇಯುತ್ತಾ ಕೂರುತ್ತಿದ್ದೆ.

ಆಡುವವರು ಐದು ಜನ, ಎಲ್ಲರೂ ಮಂಗಳೂರು ಕಡೆಯವರು. ದುಡ್ಡಿನ ಮಾತಿಲ್ಲ, ಆ್ಯಪ್ ಕೊಡುವ ಪುಕ್ಕಟೆ ಚಿಪ್ಸ್. ಇಲ್ಲಿನ ಕಾನೂನಿಗೂ ನಮ್ಮ ಹೆಂಡತಿಯರಿಗೂ ನಾವು ಸಮಾನವಾಗಿ ಹೆದರುವವರು! ಆದರೆ ಪಣವೇ ಇಲ್ಲದ ಆಟಕ್ಕೆ ಏನು ರುಚಿ? ಗಲ್ಫಿನವನಿಗೆ ದಿರ್ಹಮಿಗಿಂತ ದುರ್ಲಭವಾದದ್ದು ಊರಿಗೆ ಹೋಗುವವನ ಬ್ಯಾಗಿನಲ್ಲಿ ಜಾಗ. ಅದನ್ನೇ ಪಣಕ್ಕಿಟ್ಟೆವು. ಪ್ರವೇಶ ಒಂದು ಕಿಲೋ. ಸೋತವರು ಮುಂದಿನ ಸಲ ಊರಿಗೆ ಹೋಗುವಾಗ ಗೆದ್ದವನ ಸಾಮಾನು ಅಷ್ಟು ಕಿಲೋ ಹೊರಬೇಕು.

ಮೊದಲ ಶನಿವಾರವೇ ಗೆದ್ದೆ!

"ನಾಲ್ಕು ಕಿಲೋ!" ಎಂದು ಕೂಗುತ್ತಾ ಒಳಗೆ ಬಂದೆ.

"ಬಂಗುಡೆ ಮೀನಾ?" ಎಂದಳು ಲವೀನಾ. ವಿವರಿಸಿದೆ. ಅವಳು ಸೌಟು ಕೆಳಗಿಟ್ಟಳು. "ಸೋತವರು ಊರಿಗೆ ಹೋಗುವುದು ಯಾವಾಗ?"

"ಕ್ರಿಸ್ಮಸ್‌ಗೆ."

"ನೀವು?"

"ಮುಂದಿನ ತಿಂಗಳು."

"ಹಾಗಾದ್ರೆ ಗೆದ್ದದ್ದು ಕ್ರಿಸ್ಮಸ್‌ಗೆ, ಸೋತರೆ ಈಗಲೇ. ಇದು ಎಂತ ಆಟ ಮಾರಾಯ್ರೆ?"

ಪ್ರತಿಭೆಯನ್ನು ಮನೆಯವರು ಗುರುತಿಸುವುದಿಲ್ಲ ಎಂದುಕೊಂಡು ಬಾಲ್ಕನಿಗೆ ವಾಪಸಾದೆ.

ಮುಂದಿನ ತಿಂಗಳು, ಮೇಯಲ್ಲಿ, ಅವಳ ತಂಗಿಯ ಮದುವೆ. ಹೊಸ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದ ಲವೀನಾಳಿಗೆ ರಜೆ ಸಿಕ್ಕಿರಲಿಲ್ಲ, ಹಾಗಾಗಿ ಹೋಗುವವನು ನಾನೊಬ್ಬನೇ. ಲಗೇಜು ಮೂವತ್ತು ಕಿಲೋ. ತಂಗಿಗೆಂದು ಅವಳು ಅಂಗಡಿ ಅಂಗಡಿ ಅಲೆದು ತಂದ ಡಿನ್ನರ್ ಸೆಟ್ ಹದಿನಾರು, ಖಾಲಿ ಸೂಟ್‌ಕೇಸ್ ನಾಲ್ಕು, ಉಳಿದ ಹತ್ತು ನನ್ನ ಬಟ್ಟೆಬರೆಗೆ. ಹ್ಯಾಂಡ್ ಬ್ಯಾಗಿನಲ್ಲಿ ಮದುಮಗಳ ಗೌನು. ಅದನ್ನು ಮುಟ್ಟಿದರೆ ಕೈ ಕತ್ತರಿಸುವುದಾಗಿ ಆದೇಶವಾಗಿತ್ತು.

ಎರಡನೇ ಶನಿವಾರ ಬ್ಲಫ್ ಮಾಡಿದೆ. ಕೈಯಲ್ಲಿ ಏನೂ ಇಲ್ಲದೆ ಎಲ್ಲ ಇದ್ದವನ ಹಾಗೆ ನಟಿಸುವುದಕ್ಕೆ ಪೋಕರಿನಲ್ಲಿ ಬ್ಲಫ್ ಎನ್ನುತ್ತಾರೆ. ರಜೆಯಲ್ಲಿ ಊರಿಗೆ ಹೋಗುವ ದುಬೈಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ! ಆದರೆ ಮುರಕ್ಕಬಾತ್‌ನ ಹೋಟೆಲಿನಲ್ಲಿ ಅಡುಗೆಗಿರುವ ವಲೇರಿಯನ್ ನನ್ನ ನಾಟಕ ನಂಬಲಿಲ್ಲ. ಸೋತೆ. ಇನ್ನೊಂದು ಕಿಲೋ ಇಟ್ಟು ಮತ್ತೆ ಒಳಗೆ ಬಂದೆ. ಮತ್ತೆ ಸೋತೆ. ಹೀಗೆ ಒಂದೇ ಮಧ್ಯಾಹ್ನ ನಾಲ್ಕು ಕಿಲೋ ಖಲಾಸ್! ಅಷ್ಟೂ ವಲೇರಿಯನ್‌ಗೆ.

ಮೂರನೇ ಶನಿವಾರ ಉಳಿದವರೆಲ್ಲ ಸೋತು, ನಾನೂ ಅವನೂ ಮಾತ್ರ ಉಳಿದೆವು. ನನ್ನ ಕೈಗೆ ಎರಡು ರಾಜರು ಬಂದರು. ಸಾಕ್ಷಾತ್ ರಾಜಯೋಗ! "ನಮ್ಮಿಬ್ಬರ ಮಧ್ಯೆ, ಪ್ರವೇಶದ್ದೂ ಸೇರಿ, ಹತ್ತು ಕಿಲೋ. ಆಗಬಹುದಾ?" ಎಂದು ಮೆಸೇಜ್ ಕಳಿಸಿದೆ. ಅವನು ಹೆಬ್ಬೆರಳು ತೋರಿಸಿದ. ಇದ್ದ ಚಿಪ್ಸೆಲ್ಲ ನೂಕಿದೆ. ಅವನ ಕೈಯಲ್ಲಿದ್ದದ್ದು ಎರಡು ಏಳು. ಮೇಜಿನ ಮೇಲೆ ಬಿದ್ದ ಕೊನೆಯ ಎಲೆ ಮೂರನೇ ಏಳು. ಮೂರು ಏಳರ ಮುಂದೆ ಎರಡು ರಾಜರು ಲೆಕ್ಕಕ್ಕಿಲ್ಲ.

ಬೆನ್ನ ಹಿಂದೆ ನಿಂತಿದ್ದ ಮಗಳು "ಪಪ್ಪಾ, ಯು ಲಾಸ್ಟ್!" ಎಂದು ಇಡೀ ಬಿಲ್ಡಿಂಗಿಗೆ ಸಾರಿದಳು.

ಲವೀನಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡಿನ್ನರ್ ಸೆಟ್ಟಿನ ಡಬ್ಬಿಯ ಮೇಲೆ ಕೈ ಇಟ್ಟು, "ನನಗಂತೂ ಹೋಗ್ಲಿಕ್ಕೆ ಆಗುದಿಲ್ಲ. ನನ್ನ ಬದಲು ಇದಾದ್ರೂ ಹೋಗ್ಬೇಕು. ಇದು ಹೋಗದಿದ್ರೆ ನೀವೂ ಹೋಗ್ಬೇಡಿ" ಎಂದಳು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮರುದಿನವೇ ವಲೇರಿಯನ್ ತನ್ನ ಪಾರ್ಸೆಲ್ ತಂದ. ಹಾಲಿನ ಪುಡಿ, ಖರ್ಜೂರ, ಜೊತೆಗೆ ಆರು ಕಿಲೋದ ಡಬಲ್ ಕಂಬಳಿ!

"ಮೇ ತಿಂಗಳ ಸೆಖೆಗೆ ಕಂಬಳಿ ಯಾಕಪ್ಪಾ?"

"ಅಮ್ಮನಿಗೆ ಹೇಳಿ ಆಗಿದೆ ಮಾರಾಯಾ. ನೀನು ಫಿಕರ್ ಮಾಡ್ಬೇಡ, ನೀನು ಗೆದ್ದ ಒಂದು ಕಿಲೋ ಕ್ರಿಸ್ಮಸ್‌ಗೆ ನಾನು ಕೊಂಡೋಗ್ತೇನೆ."

ಹದಿನಾರು, ಹದಿನಾಲ್ಕು, ಒಟ್ಟು ಮೂವತ್ತು. ಸೂಟ್‌ಕೇಸಿಗೂ ಜಾಗವಿಲ್ಲ! ತೆಳು ರಟ್ಟಿನ ಪೆಟ್ಟಿಗೆ ತಂದು, ಪ್ಲೇಟುಗಳನ್ನು ಕಂಬಳಿಯಲ್ಲೇ ಸುತ್ತಿ, ಟೇಪು ಬಿಗಿದು, ಹಗ್ಗ ಕಟ್ಟಿದ್ದಾಯಿತು. ನನ್ನ ಬಟ್ಟೆ? ಮೈಮೇಲೆ ಹಾಕಿದ್ದಷ್ಟೇ. ಎರಡು ಅಂಗಿ, ಅದರ ಮೇಲೆ ಉಣ್ಣೆಯ ಸೂಟು, ಜೇಬಿನಲ್ಲಿ ಬ್ರಷ್ಷು. ಏರ್‌ಪೋರ್ಟಿನಲ್ಲಿ ನನ್ನ ಬೆವರು ನೋಡಿ ಸೆಕ್ಯುರಿಟಿಯವನು ನನ್ನನ್ನು ಎರಡು ಸಲ ತಪಾಸಣೆ ಮಾಡಿದ.

ಒಂದು ಪ್ಲೇಟೂ ಒಡೆಯಲಿಲ್ಲ. ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೂ ಅದೇ ಸೂಟು, ಇಗರ್ಜಿಗೂ ಅದೇ ಸೂಟು, ಮರುದಿನದ ಊಟಕ್ಕೂ ಅದೇ ಸೂಟು. ನೆಂಟರೆಲ್ಲ ನನ್ನನ್ನು ಕನಿಕರದಿಂದ ನೋಡಿ ಪಿಸುಗುಟ್ಟುತ್ತಿದ್ದರು. ಕೊನೆಗೆ ಅತ್ತೆ ತಡೆಯಲಾರದೆ ಎಲ್ಲರೆದುರೇ ಲವೀನಾಳಿಗೆ ಫೋನ್ ಮಾಡಿದರು. ಸ್ಪೀಕರ್ ಆನ್ ಇತ್ತು.

"ಸೆಟ್ ಭಾರಿ ಚೆಂದ ಉಂಟು ಮಗಾ. ಆದ್ರೆ ಅಳಿಯ ಮೂರು ದಿನದಿಂದ ಒಂದೇ ಡ್ರೆಸ್ಸಲ್ಲಿದ್ದಾರೆ. ನಿಜ ಹೇಳು, ಅಲ್ಲಿ ಅವರ ಕೆಲಸ ಹೋಯ್ತಾ?"

ಆ ಕಡೆಯಿಂದ ಲವೀನಾಳ ದನಿ ಸ್ಪಷ್ಟವಾಗಿ ಕೇಳಿಸಿತು: "ಕೆಲಸ ಉಂಟು ಮಮ್ಮಿ. ಹೋದದ್ದು ಬುದ್ಧಿ."