ನನ್ನ ಸೀಸೆಗಳಿಗೆ ಅಂಟಿಸಿದ ಚೀಟಿಗಳು

ಹೊಲಸು ನೀರನ್ನು ಸೀಸೆಯಲ್ಲಿ ತುಂಬಿಕೊಂಡು ಹೈದರಾಬಾದಿನಲ್ಲಿ ವರ್ಷಗಟ್ಟಲೆ ಓಡಾಡಿದವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ವಾಸನೆ ಹಿಡಿದು ಬರುತ್ತವೆ.

ಕೆರೆಗಳ ನೀರು ಎಷ್ಟು ಕೆಟ್ಟಿದೆ, ಅದರಲ್ಲಿ ಇನ್ನೂ ಯಾರು ಯಾರು ಬದುಕಿದ್ದಾರೆ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಈಗ ನಿವೃತ್ತ. ಮಧ್ಯಾಹ್ನ ಕುರ್ಚಿಯಲ್ಲಿ ಕಣ್ಣು ಮುಚ್ಚಿದರೆ ಸಾಕು, ಶಂಶಾಬಾದ್ ದಾರಿಯ ಆ ಸಣ್ಣ ಕೆರೆ ತೇಲಿ ಬರುತ್ತದೆ. ಆಗ ಆ ಕಡೆ ವಿಮಾನಗಳಿರಲಿಲ್ಲ, ಎಲ್ಲ ಬೇಗಂಪೇಟೆಯಲ್ಲೇ ಇಳಿಯುತ್ತಿದ್ದವು. ಬೆಳಗಿನ ಮಂಜಿನಲ್ಲಿ ಬಂಡೆಗಳು ಎಮ್ಮೆಗಳಂತೆ, ಎಮ್ಮೆಗಳು ಬಂಡೆಗಳಂತೆ. ನೀರಿನ ಮೇಲೆ ನೊರೆ ಮೋಡದ ಹಾಗೆ ಸುಮ್ಮನೆ ಸಾಗುತ್ತಿತ್ತು. ಅದು ಯಾವ ಕೊಳವೆಯಿಂದ ಬಂದದ್ದೆಂದು ಗೊತ್ತಿದ್ದರೂ ಚಂದ ಕಾಣುತ್ತಿತ್ತು. ಸಂಶೋಧಕನಾಗಿ ಇದನ್ನು ಹೇಳಬಾರದು; ನಿವೃತ್ತನಾಗಿ ಹೇಳಬಹುದು.

೧. ಮಜ್ಜಿಗೆಯ ವಿಳಾಸ

ಚೀಟಿ ಇಲ್ಲದ ಸೀಸೆ ಸೀಸೆಯೇ ಅಲ್ಲ ಎಂಬುದು ನಮ್ಮ ಕಸುಬಿನ ಮೊದಲ ನೇಮ. ಹೆಸರು, ಸಿಕ್ಕ ಜಾಗ, ಹಿಡಿದವರು, ಆಹಾರ ಎಂದು ನಾಲ್ಕು ಕಾಲಂ. ಒಮ್ಮೆ ಪ್ರಯೋಗಾಲಯದ ಫ್ರಿಜ್ ಕೆಟ್ಟು ಸೀಸೆಗಳು ನಮ್ಮ ಮನೆಗೆ ಬಂದವು.

"ನೋಡ್ರಿ, ನಿಮ್ಮ ಕೆರಿ ಕೆಳಗಿನ ಖಾನೆದಾಗ ಇರಲಿ," ಎಂದಳು ಹೆಂಡತಿ. "ಮ್ಯಾಲಿನದಕ್ಕ ಕೈ ಹಚ್ಚಿದ್ರ ನೋಡ್ರಿ ಮತ್ತ."

ಮರುದಿನ ಬಾಗಿಲು ತೆಗೆದರೆ ಮೇಲಿನ ಖಾನೆಯ ಬಾಟಲಿಗೂ ಒಂದು ಚೀಟಿ. ಹೆಸರು: ಮಜ್ಜಿಗಿ. ಸಿಕ್ಕ ಜಾಗ: ಎಮ್ಮಿ. ಹಿಡಿದವರು: ಗೌಳಿ. ಆಹಾರ: ಕೈ ತೊಳಕೊಂಡು ಬಂದವರಿಗೆ ಮಾತ್ರ.

೨. ಬಸ್ಸಿನ ವೈದ್ಯರು

ಅಮೀರ್‌ಪೇಟ್ ಬಸ್ಸಿನಲ್ಲಿ ಪಕ್ಕದ ಮುದುಕರೊಬ್ಬರು ನನ್ನ ಕೈಯಲ್ಲಿದ್ದ ಹಳದಿ ನೀರಿನ ಸೀಸೆಯನ್ನೇ ನೋಡುತ್ತಿದ್ದರು. ಕೊನೆಗೆ ಕಿವಿಯ ಹತ್ತಿರ ಬಾಗಿ ಹಿಂದಿಯಲ್ಲಿ ಕೇಳಿದರು: "ಯಾರದಪ್ಪಾ ಇದು?"

"ಇಡೀ ಊರಿಂದು, ಚಾಚಾ," ಎಂದೆ.

ಅವರು ಸೀಸೆಯನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ತುಸು ಅಲ್ಲಾಡಿಸಿದರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, "ಇಂಥ ಮೂತ್ರ ನಾನು ನೋಡಿಲ್ಲ. ಮನೆಯವರಿಗೆ ಹೇಳಿಬಿಡು, ಉಳಿಯೋದು ಕಷ್ಟ," ಎಂದರು.

ನಾನು ಮೂರು ವರ್ಷ ಕೂತು ಬರೆದ ಪ್ರಬಂಧದ ಸಾರವೂ ಅಷ್ಟೇ ಆಗಿತ್ತು.

೩. ಧೋತರದ ಪರೀಕ್ಷೆ

ಆ ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುವ ತಾತನೊಬ್ಬನಿದ್ದ. ನಾನು ಪರೀಕ್ಷೆಯ ಕಾಗದ ಅದ್ದುವುದನ್ನು ನೋಡಿ ಅವನಿಗೆ ನಗು. ತೆಲುಗಿನಲ್ಲಿ ಹೇಳಿದ:

"ಅದೆಲ್ಲ ಯಾಕೆ ಸಾರ್? ಕಾರ್ಖಾನೆಯೋರು ಮಂಗಳವಾರ ಗುಲಾಬಿ ಬಿಡ್ತಾರೆ, ಶುಕ್ರವಾರ ಹಳದಿ. ನನ್ನ ಧೋತರ ಕೇಳಿ, ಹೇಳ್ತದೆ."

ಒಂದು ತಿಂಗಳು ನೋಡಿದೆ. ಧೋತರ ಒಂದು ದಿನವೂ ತಪ್ಪಲಿಲ್ಲ. ವರದಿಯಲ್ಲಿ ಬರೆದೂಬಿಟ್ಟೆ. ನಮ್ಮ ಮೇಲಿನವರು ಓದಿ ಗಂಭೀರವಾಗಿ ಹೇಳಿದರು: "ವಿಚಾರ ಭಾಳ ಛಲೋ ಐತಿ. ಆದ್ರ ಒಂದು ಧೋತರ ಸಾಲೂದಿಲ್ಲ. ತಾಳೆ ನೋಡ್ಲಿಕ್ಕೆ ಇನ್ನೊಂದು ಬೇಕು."

ಮುಂದಿನ ಮಂಗಳವಾರದಿಂದ ನನ್ನ ಮದುವೆಯ ಧೋತರ ಗುಲಾಬಿ.

೪. ನಾಲ್ಕನೆಯ ಕಾಲಂ

ಇಷ್ಟರಲ್ಲಿ ಕಚೇರಿಯಲ್ಲಿ ಒಂದು ಫೈಲು ಎದ್ದಿತು: ಇದು ಕೆರೆಯಲ್ಲ, ಸತ್ತ ಗುಂಡಿ, ಇದನ್ನು ಮುಚ್ಚಿ ಪ್ಲಾಟು ಮಾಡಬಹುದು. ನೋಡಿ ಬರೆಯಲು ಒಬ್ಬ ಅಧಿಕಾರಿ ಬರುವವರಿದ್ದರು. 'ಜೀವ ಇಲ್ಲ' ಎಂದು ಅವರು ಬರೆದರೆ ಕೆರೆಯೂ ಹೋಯಿತು, ತಾತನ ಒಗೆಯುವ ಕಲ್ಲೂ ಹೋಯಿತು. ಅಧಿಕಾರಿ ನಮ್ಮ ಬೀದರ ಕಡೆಯವರೇ. ಆದರೆ ಒಂದು ಕಾಲಂ ಖಾಲಿ ಇದ್ದರೂ ಸಹಿ ಹಾಕದ ಮನುಷ್ಯ. ನನ್ನ ವರದಿಯನ್ನೇ ಎರಡು ಸಲ ತಿರುಗಿ ಕಳಿಸಿದ್ದರು.

ಅವರು ಬಂದ ದಿನ ಮಂಗಳವಾರ. ಬಲೆ ಬೀಸಿದೆ: ನೊರೆ. ಮತ್ತೆ ಬೀಸಿದೆ: ಒಂದು ಚಪ್ಪಲಿ. ಮೂರನೆಯ ಸಲ ಅದರ ಜೋಡಿ.

"ಹಕ್ಕಿ ಅದಾವಲ್ರಿ, ಸಾಹೇಬ್ರ," ಎಂದೆ.

"ಅವು ಹೊರಗಿನಿಂದ ಬಂದಾವು. ಲೆಕ್ಕಕ್ಕಿಲ್ಲ."

"ನಾವಿಬ್ಬರೂ ಹೊರಗಿನಿಂದನ ಬಂದವರಲ್ರಿ?"

ಅವರು ನಗಲಿಲ್ಲ. ಪ್ಯಾಂಟು ಮಡಚತೊಡಗಿದರು. "ನೀರಿಗಿಳಿದು ನೋಡಿದಿರಾ ಅಂತ ಒಂದು ಕಾಲಂ ಐತಿ," ಎಂದು ಮೊಣಕಾಲಿನ ತನಕ ಇಳಿದು, ನಿಂತು, ಹತ್ತಿ ಬಂದು ತಾತನ ಕಲ್ಲಿನ ಮೇಲೆ ಕೂತರು. 'ಜೀವಿಗಳು' ಎಂಬಲ್ಲಿ ಪೆನ್ನು ಇಟ್ಟರು. ತಾತ ನನ್ನ ಮುಖ ನೋಡಿದ. ನಾನು ನೀರು ನೋಡಿದೆ. 'ಇಲ್ಲ' ಎಂದು ಬರೆದೇಬಿಟ್ಟರು.

ಆಗ ತಾತ ಕಿರುಚಿದ: "ಜಲಗ! ಜಲಗ!"

ತೆಲುಗಿನ ಜಲಗ ಎಂದರೆ ನಮ್ಮ ಜಿಗಣೆ. ಸಾಹೇಬರ ಎಡಗಾಲಿನ ಮೀನಖಂಡದ ಮೇಲೆ ಅದು ನಿಧಾನವಾಗಿ ದಪ್ಪವಾಗುತ್ತಿತ್ತು. ಆ ಬಿಸಿಲಿನಲ್ಲಿ ಅದರ ಹಸಿರು ಮೈ, ಮೈ ಮೇಲಿನ ಗೆರೆ, ಇಳಕಲ್ ಸೀರೆಯ ಅಂಚಿನ ಹಾಗೆ ಹೊಳೆಯಿತು. ನಾನು ಮೈಮರೆತು ನಿಂತೆ.

"ತೆಗೀರಿ! ಏನ್ ನೋಡ್ಕೋತ ನಿಂತೀರಿ?"

"ಒಂದ ನಿಮಿಷ ಅಲ್ಲಾಡಬ್ಯಾಡ್ರಿ, ಸಾಹೇಬ್ರ. ಊಟ ಮಾಡಾಕತ್ತೈತಿ. ಜೀವ ಐತಿ ಅನ್ನೂದಕ್ಕ ಇನ್ನೇನು ಬೇಕ್ರಿ?"

ಉಗುರಿನಿಂದ ಮೆಲ್ಲಗೆ ಬಿಡಿಸಿ ಸೀಸೆಗೆ ಹಾಕಿದೆ. ರಕ್ತ ಒರೆಸಲೆಂದು ತಾತ ಬಿಳಿ ಬಟ್ಟೆಯನ್ನು ಕೆರೆಯಲ್ಲಿ ಅದ್ದಿ ತಂದ. ಒರೆಸುವ ಮೊದಲೇ ಅದು ಗುಲಾಬಿಯಾಗಿತ್ತು.

ಸಾಹೇಬರು ತಮ್ಮ ಕಾಗದದಲ್ಲಿ 'ಇಲ್ಲ' ಹೊಡೆದುಹಾಕಿ 'ಇದೆ' ಎಂದು ಬರೆದರು. ತಾತ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ನಾನು ಚೀಟಿ ತುಂಬಿದೆ. ಹೆಸರು: ಜಿಗಣೆ. ಸಿಕ್ಕ ಜಾಗ: ಎಡಗಾಲು. ಹಿಡಿದವರು ಎಂಬಲ್ಲಿ ನನ್ನ ಹೆಸರು. ಮುಂದಿನದನ್ನು ಮರ್ಯಾದೆಗೆಂದು ಬಿಟ್ಟು, ಸಾಕ್ಷಿಯ ಸಹಿಗೆ ಅವರ ಮುಂದೆ ಹಿಡಿದೆ.

ಪೆನ್ನು ನಿಂತಿತು. "ಒಂದು ಕಾಲಂ ಖಾಲಿ ಐತಲ್ರಿ."

"ಇರ್ಲಿ ಬಿಡ್ರಿ, ಸಾಹೇಬ್ರ."

"ಖಾಲಿ ಇದ್ರ ನಾ ಸಹಿ ಹಾಕೂದಿಲ್ಲ ಅಂತ ಗೊತ್ತಿಲ್ಲೇನು?"

ಅವರು ಚೀಟಿಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡರು. ಆಮೇಲೆ ಖಾಲಿ ಕಾಲಂ ಅನ್ನು ತಮ್ಮ ದುಂಡು ಅಕ್ಷರದಲ್ಲಿ ತುಂಬಿ, ಕೆಳಗೆ ಸಹಿ ಹಾಕಿದರು. ಆಹಾರ: ಗೆಜೆಟೆಡ್ ಅಧಿಕಾರಿ, ಒಬ್ಬರು.