ಟಚ್ ಮೇಜಿನ ಮೇಲೆ ಮಗಳ ಲಗ್ನಪತ್ರಿಕೆ

ಕಂಪ್ಯೂಟರ್ ವಿಚಾರದಲ್ಲಿ ನಾನು ಕಲಿತ ಮೊದಲ ಪಾಠವೇ ಅದನ್ನು ಮುಟ್ಟಬಾರದು ಎಂಬುದು. ಹುಡುಗನಾಗಿದ್ದಾಗ ಮಂಡ್ಯದಲ್ಲಿ ನಾನು ಕಲಿಯಲು ಹೋಗುತ್ತಿದ್ದ ಕಡೆ ಚಪ್ಪಲಿ ಹೊರಗೆ ಬಿಟ್ಟು, ಗರ್ಭಗುಡಿ ಹೊಕ್ಕವರಂತೆ ಕೈಕಟ್ಟಿಕೊಂಡು ಒಳಗೆ ಹೋಗಬೇಕಿತ್ತು. ಪರದೆಯ ಮೇಲೆ ಯಾರದಾದರೂ ಬೆರಳಿನ ಗುರುತು ಕಂಡರೆ ಮೇಷ್ಟ್ರು ಸ್ಕೇಲು ಹುಡುಕುತ್ತಿದ್ದರು. ಹೀಗೆ ಬೆಳೆದವನ ಎದುರಿಗೆ ಈಗಿನ ಕಾಲ ಬಂದು ನಿಂತು, ಮುಟ್ಟಯ್ಯಾ, ಮುಟ್ಟದಿದ್ದರೆ ಕೆಲಸವೇ ಆಗುವುದಿಲ್ಲ ಎನ್ನುತ್ತಿದೆ. ಮುಟ್ಟುತ್ತೇನೆ. ಆದರೆ ಪ್ರತಿ ಸಲವೂ ನನ್ನ ಕೈ ಅರ್ಧ ದಾರಿಯಲ್ಲಿ ಒಮ್ಮೆ ನಿಂತು, ಹಿಂದೆ ಮೇಷ್ಟ್ರು ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಮುಂದೆ ಹೋಗುತ್ತದೆ.

ಮಳವಳ್ಳಿಯಲ್ಲಿ ನನ್ನದೊಂದು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ಲಗ್ನಪತ್ರಿಕೆ ಎಂದರೆ ಗಂಡುಹೆಣ್ಣಿನ ಹೆಸರು, ಮುಹೂರ್ತ, ಛತ್ರದ ವಿಳಾಸ ಇಷ್ಟೇ ಅಂದುಕೊಂಡವರು ಖಂಡಿತ ನಮ್ಮ ಕಡೆಯವರಲ್ಲ. ನಮ್ಮಲ್ಲಿ ಪತ್ರಿಕೆಯ ಜೀವ ಇರುವುದು 'ತಮ್ಮ ಸುಖಾಗಮನ ಬಯಸುವವರು' ಎಂಬ ಸಾಲಿನ ಕೆಳಗೆ. ಅಲ್ಲಿ ಯಾರ ಹೆಸರು ಯಾರ ಹೆಸರಿನ ಮೇಲೆ ಬರಬೇಕು ಎಂಬ ಒಂದೇ ಕಾರಣಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಂಥ ಜಗಳಗಳ ಮಧ್ಯೆ ನನ್ನನ್ನು ಇಷ್ಟು ವರ್ಷ ಕಾಪಾಡಿದ್ದು ಕಂಪ್ಯೂಟರು. ಅದರ ಮುಖ ನನ್ನ ಕಡೆಗಿರುತ್ತಿತ್ತು, ಗಿರಾಕಿಗಳು ನನ್ನ ಬೆನ್ನ ಹಿಂದೆ ನಿಂತು ಕತ್ತಿನ ಮೇಲೆ ಉಸಿರು ಬಿಡುತ್ತಿದ್ದರು. "ನಮ್ ಮಾವನ್ನ ಇನ್ನೂ ಮ್ಯಾಕೆ ಆಕಿ" ಎಂದರೆ ನಾನು ಎರಡು ಗುಂಡಿ ಒತ್ತಿ, ಮುಖ ಸಪ್ಪಗೆ ಮಾಡಿ, "ಕಂಪ್ಯೂಟರ್ ತಗೊಳ್ತಾ ಇಲ್ಲ" ಎನ್ನುತ್ತಿದ್ದೆ. ಮನುಷ್ಯರ ಮೇಲೆ ಕೂಗಾಡುವವರು ಕಂಪ್ಯೂಟರಿನ ಮಾತಿಗೆ ತಲೆಬಾಗಿ ಮನೆಗೆ ಹೋಗುತ್ತಿದ್ದರು.

ಈ ನೆಮ್ಮದಿಗೆ ಕಲ್ಲು ಹಾಕಿದವನು ಪಕ್ಕದ ಅಂಗಡಿಯ ನಯಾಜ್. ಮೊಬೈಲ್ ರಿಪೇರಿ ಮಾಡುತ್ತಾನೆ. ಮೈಸೂರಿನಲ್ಲಿ ಬಾಗಿಲು ಹಾಕಿದ ಯಾವುದೋ ಒಡವೆ ಅಂಗಡಿಯಿಂದ ಒಂದು ಮೇಜು ಅಗ್ಗಕ್ಕೆ ಹೊಡೆದುಕೊಂಡು ಬಂದು ನನ್ನ ಅಂಗಡಿಯ ನಡುವೆ ಇಳಿಸಿದ. ನಾಲ್ಕು ಕಾಲಿನ ಮೇಲೆ ಅಂಗಾತ ಮಲಗಿಸಿದ ದೊಡ್ಡ ಮೊಬೈಲು ಅನ್ನಿ. ಮೇಲ್ಭಾಗವೆಲ್ಲ ಗಾಜು, ಗಾಜೆಲ್ಲ ಕಂಪ್ಯೂಟರು. ಸುತ್ತ ಎಷ್ಟು ಜನ ಕೂತರೂ ಎಲ್ಲರ ಬೆರಳನ್ನೂ ಒಟ್ಟಿಗೇ ಮಾತಾಡಿಸುತ್ತದೆ. "ಇನ್ಮೇಲೆ ಮೌಸು ಕೀಬೋರ್ಡು ಎಲ್ಲಾ ಗುಜರಿಗೆ ಕಣಣ್ಣೋ. ಗಿರಾಕಿಗಳು ಸುತ್ತ ಕುಂತ್ಕಂಡು ಅವ್ರೆಸ್ರು ಅವ್ರೇ ಸರಿಸ್ಕತಾರೆ. ನೀನು ಕಾಫಿ ಕುಡ್ಕಂಡು ಕೂತಿರು" ಎಂದ ನಯಾಜ್. ಕಾಫಿಯ ಮಾತು ಎತ್ತಿದ್ದೇ ತಪ್ಪಾಯಿತು. ಮೇಜು ಕಂಡಲ್ಲಿ ಲೋಟ ಇಡುವುದು ನಮ್ಮ ಜನರ ಹುಟ್ಟುಗುಣ. ಈ ಮೇಜೋ ಒದ್ದೆ ಲೋಟದ ತಳವನ್ನೂ ಬೆರಳೆಂದೇ ನಂಬುತ್ತಿತ್ತು. ಯಾರೋ ಲೋಟ ಸರಿಸಿದರೆ ಅದರ ಜೊತೆ ಮದುವೆ ಗಂಡೂ ಹೋಗುತ್ತಿದ್ದ. ಒರೆಸಲು ಹೋದರೆ ಇಡೀ ಬಳಗ ಬಟ್ಟೆಯ ಹಿಂದೆ ಓಡುತ್ತಿತ್ತು.

ಅಷ್ಟರಲ್ಲಿ ನನ್ನ ಮಗಳು ಚೈತ್ರಳಿಗೇ ಮದುವೆ ಗೊತ್ತಾಯಿತು. ಅವಳು ಮದ್ದೂರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ಊರಿಗೆಲ್ಲ ಲಗ್ನಪತ್ರಿಕೆ ಮಾಡಿಕೊಟ್ಟವನಿಗೆ ಈಗ ಜ್ವರ ಬಂದಂತಾಯಿತು. ಏಕೆಂದರೆ ನನಗೊಬ್ಬ ಅಣ್ಣ ಇದ್ದಾನೆ, ಕಿರುಗಾವಲಿನಲ್ಲಿ. ಹಿಂದೊಮ್ಮೆ ನೆಂಟರ ಪತ್ರಿಕೆಯಲ್ಲಿ ತನ್ನ ಹೆಸರು ಎರಡನೆಯ ಸಾಲಿಗೆ ಇಳಿಯಿತೆಂದು ಮದುವೆಗೆ ಬಂದು ಊಟ ಮಾಡಿ, ಧಾರೆಗೆ ನಿಲ್ಲದೆ ಎದ್ದು ಹೋದವನು. ಬಸರಾಳಿಗೆ ಕೊಟ್ಟ ಅಕ್ಕ ಇದ್ದಾಳೆ. "ಉಟ್ಟಿದ್ರಲ್ಲಿ ನಾನೇ ಮೊದ್ಲು. ಎಸ್ರಲ್ಲಿ ಮಾತ್ರ ಯಾಕ್ಲಾ ಕಡೇಗೆ?" ಎಂಬುದು ಅವಳ ಪ್ರಶ್ನೆ. ಇನ್ನು ಯಲಿಯೂರಿನ ಭಾವಮೈದ, ಹುಡುಗಿಯ ಸೋದರಮಾವ. ಹಸೆಮಣೆಗೆ ಕೈಹಿಡಿದು ಕರೆತರುವವನು ತಾನು ತಾನೇ, ತನ್ನ ಹೆಸರು ಮೇಲಿರಬೇಕು ಎಂದು ಅವನ ವಾದ. ಮೂವರಲ್ಲಿ ಒಬ್ಬರು ಮುನಿದರೂ ಧಾರೆಯ ಹೊತ್ತಿಗೆ ಮಂಟಪದಲ್ಲಿ ಒಂದು ಜಾಗ ಖಾಲಿ. ಆ ಖಾಲಿ ಜಾಗವನ್ನು ನೋಡಿಕೊಂಡು ಮಗಳ ಕೈಗೆ ಹಾಲೆರೆಯುವ ಧೈರ್ಯ ನನಗಿರಲಿಲ್ಲ. ಮೂವರನ್ನೂ ಅಂಗಡಿಗೇ ಕರೆಸಿದೆ.

ಅಣ್ಣ ಒಂದು ಬದಿಗೆ, ಅವನೆದುರಿಗೆ ಅಕ್ಕ, ಮೂರನೆಯ ಬದಿಗೆ ಭಾವಮೈದ, ನಾಲ್ಕನೆಯ ಬದಿಗೆ ನಾನು ಕೂತೆವು. ನಡುವೆ ಗಂಡುಹೆಣ್ಣಿನ ಹೆಸರು, ಸುತ್ತ ಬಳಗ. ಅಣ್ಣ ತನ್ನ ಹೆಸರನ್ನು ತಳ್ಳಿ ತಳ್ಳಿ ತನ್ನೆದುರಿನ ಆಚೆ ಅಂಚಿಗೆ ಮುಟ್ಟಿಸಿ, "ಈಗ ಸರಿ ಆಯ್ತು ಕಣ್ಲಾ" ಎಂದ. ಅಕ್ಕನೂ ತನ್ನದನ್ನು ತನ್ನೆದುರಿನ ಆಚೆ ಅಂಚಿಗೆ ಒಯ್ದಳು. ಎರಡು ಬೆರಳಿಟ್ಟು ತಿರುಗಿಸಿದರೆ ಹೆಸರು ನಮ್ಮ ಕಡೆ ಮುಖ ಮಾಡುತ್ತದೆ ಎಂದು ಭಾವಮೈದ ಕಂಡುಹಿಡಿದ ಮೇಲಂತೂ ಎಲ್ಲರೂ ತಮ್ಮ ತಮ್ಮ ಹೆಸರನ್ನು ತಮ್ಮ ಕಡೆ ತಿರುಗಿಸಿಕೊಂಡರು. ನಾನು ಜಗಳ ಈಗ ಶುರುವಾಗುತ್ತದೆ, ಆಗ ಶುರುವಾಗುತ್ತದೆ ಎಂದು ಕಾದೆ. ಆಗಲೇ ಇಲ್ಲ! ಮಲಗಿದ ಕಂಪ್ಯೂಟರಿಗೆ ಮೇಲೂ ಇಲ್ಲ ಕೆಳಗೂ ಇಲ್ಲ. ಅವರವರು ಕೂತಲ್ಲಿಂದ ನೋಡಿದರೆ ಅವರವರ ಹೆಸರೇ ಎಲ್ಲಕ್ಕಿಂತ ಮೇಲೆ, ಮಿಕ್ಕವರೆಲ್ಲ ಅಡ್ಡಡ್ಡ, ಇಲ್ಲವೇ ತಲೆಕೆಳಗು. ಮೂರು ಮುಖಗಳಲ್ಲೂ ಒಂದೇ ಸಲ ಸಂತೋಷ ಕಂಡು, ಕಂಪ್ಯೂಟರಿನ ಮುಂದಿನ ಕಾಲ ಹೀಗಿರುವುದಾದರೆ ಬೇಗ ಬರಲಿ ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ.

ಒಂದೇ ಒಂದು ಸಣ್ಣ ತೊಡಕು ಬಂತು. ಅಣ್ಣ ತನ್ನ ಹೆಸರಿನ ಕೆಳಗೆ 'ಮಾಜಿ ಗ್ರಾಮ ಪಂಚಾಯ್ತಿ ಸದಸ್ಯರು' ಎಂದು ಸೇರಿಸಿದಾಗ ಅದು ನಡುವಿನ ಜಾಗಕ್ಕೆ ಬಂದು ತಗುಲಿತು. ಅಣ್ಣ ಮದುವೆ ಗಂಡಿನ ಹೆಸರನ್ನು ಪಕ್ಕಕ್ಕೆ ದಬ್ಬಲು ಬೆರಳಿಟ್ಟ. ಅಕ್ಕ ಅವನ ಕೈಗೆ ಫಟ್ಟನೆ ಹೊಡೆದಳು. "ಬೀಗರ ಮಗನ್ ಎಸ್ರು ಮುಟ್ಬ್ಯಾಡ ಕಣ್ಲಾ, ನಾಳೆ ಮಾತಾಯ್ತದೆ!" ಅಣ್ಣ ಬೆರಳನ್ನು ಚೈತ್ರಳ ಹೆಸರಿನ ಮೇಲಿಟ್ಟ. "ನಮ್ಮುಡ್ಗಿ ತಾನೆ, ವಸಿ ಸರ್ಕೋತಾಳೆ ಬುಡು" ಎಂದು ಒಂದಿಷ್ಟು ಸರಿಸಿದ. ಭಾವಮೈದನಿಗೆ ತನ್ನ ಹೆಸರಿನ ಅಕ್ಷರ ದಪ್ಪಗಾಗಬೇಕಿತ್ತು. "ಸರ್ಕೋತಾಳೆ ಬುಡಿ ಬಾವ" ಎಂದು ಅವನೂ ಇನ್ನೊಂದಿಷ್ಟು ಸರಿಸಿದ. ಅಕ್ಕನಿಗೆ ತನ್ನ ಗಂಡನ ಹೆಸರಿನ ಜೊತೆ ಮೊಮ್ಮಕ್ಕಳ ಹೆಸರೂ ಬೇಕಾಯಿತು. ಅವಳೂ ಸರಿಸಿದಳು. ಮನೆ ಹುಡುಗಿ ಅಲ್ಲವೇ ಎಂದು ನಾವೆಲ್ಲ ನಕ್ಕೆವು.

ಸಾಕು ಎಂದು ಮುದ್ರಿಸಲು ಕಾಗದ ಕೈಗೆತ್ತಿಕೊಂಡೆ. ಮೇಜಿಗೆ ಮೇಲು ಕೆಳಗು ಇಲ್ಲ, ಸರಿ. ಕಾಗದಕ್ಕೆ ಇದೆಯಲ್ಲ! ಯಾವ ಕಡೆ ಮೇಲೆ ಮಾಡಿ ಹಿಡಿದರೂ ಇಬ್ಬರು ಮುನಿಸಿಕೊಳ್ಳುವುದು ಖಂಡಿತ. ಮೂವರೂ ನಮ್ಮ ಮನೆಗೆ ಹೋಗಿ ಮುದ್ದೆ ಊಟ ಮಾಡಿ ಬರುವಷ್ಟರಲ್ಲಿ ನನಗೊಂದು ಉಪಾಯ ಹೊಳೆಯಿತು. ಪತ್ರಿಕೆಯನ್ನೇ ದುಂಡಗೆ ಕತ್ತರಿಸಿದೆ, ಮುತ್ತುಗದ ಊಟದೆಲೆ ಹಾಗೆ. ಮಾದರಿಗೆಂದು ಮುದ್ರಿಸಿ ಕೈಗಿಟ್ಟರೆ ಮೂವರೂ ಅದನ್ನು ತಿರುಗಿಸಿ, ತಮ್ಮ ಹೆಸರು ಮೇಲೆ ಬಂದ ಕೂಡಲೇ ನಿಲ್ಲಿಸಿ, ತಲೆದೂಗಿದರು. "ತಮ್ಮ ಅಂದ್ರೆ ನೀನು ಕಣ್ಲಾ" ಎಂದ ಅಣ್ಣ. ಆ ಮಾತಿಗಾಗಿ ನಾನು ಎಷ್ಟೋ ಕಾಲದಿಂದ ಕಾದಿದ್ದೆ. ಕಣ್ಣು ಒದ್ದೆಯಾಯಿತು.

ಅವರು ಬಸ್ಸಿಗೆ ಹೊರಡುವ ಮೊದಲು ಚೈತ್ರ ಶಾಲೆ ಮುಗಿಸಿ ಬಂದಳು. ಪತ್ರಿಕೆಯನ್ನು ಕೈಗೆತ್ತಿಕೊಂಡು ಬಸ್ಸಿನ ಸ್ಟೀರಿಂಗ್ ಹಾಗೆ ತಿರುಗಿಸಿದಳು. ಮತ್ತೆ ತಿರುಗಿಸಿದಳು. ನಿಲ್ಲಿಸಲೇ ಇಲ್ಲ.

"ಯಾಕವ್ವ, ಚೆಂದಾಗಿಲ್ವಾ?" ಎಂದಳು ಅಕ್ಕ.

"ಚೆಂದಾಗದೆ ಕಣತ್ತೆ. ಗಂಡಿಗ್ ಯಾರ್ ಜೊತೆ ಮದ್ವೆ ಅಂತ ನೋಡ್ತಾವ್ನಿ."

ಎಲ್ಲರೂ ಪತ್ರಿಕೆಯ ಮೇಲೆ ಬಗ್ಗಿದೆವು. ಹುಡುಗಿಯ ಹೆಸರಿರಲಿಲ್ಲ. ಸರಿದು ಸರಿದು ಮೇಜಿನ ಅಂಚು ದಾಟಿ ಹೋಗಿತ್ತು. "ನಮ್ಮುಡ್ಗಿ ತಾನೆ, ವಸಿ ಸರ್ಕೋತಾಳೆ ಅಂದೆ ಕಣವ್ವ, ಅಷ್ಟೇಯ" ಎಂದ ಅಣ್ಣ. ಅಣ್ಣ ಭಾವಮೈದನನ್ನು ನೋಡಿದ, ಭಾವಮೈದ ಅಕ್ಕನನ್ನು ನೋಡಿದ, ಅಕ್ಕ ನಯಾಜನ ಅಂಗಡಿಯ ಕಡೆ ನೋಡಿದಳು. ನಾನು ಯಾರನ್ನೂ ನೋಡಲಿಲ್ಲ. ಚೈತ್ರ ಮೇಜಿನ ಮುಂದೆ ಕೂತು, ಅಂಚಿನಾಚೆಯಿಂದ ತನ್ನ ಹೆಸರನ್ನು ಎಳೆದುಕೊಂಡು ಬಂದು ನಟ್ಟನಡುವೆ ಇಟ್ಟಳು. ಎರಡು ಬೆರಳಲ್ಲಿ ಹಿಗ್ಗಿಸಿದಳು. ದೊಡ್ಡಪ್ಪನ ಪಂಚಾಯ್ತಿ, ಅತ್ತೆಯ ಮೊಮ್ಮಕ್ಕಳು ಎಲ್ಲ ಗಪ್‌ಚುಪ್ಪಾಗಿ ಹಿಂದೆ ಸರಿದರು.

ನಾಲ್ಕನೆಯ ಬದಿಯಲ್ಲಿ, ನಾನು ಕೂತಿದ್ದ ಜಾಗದಿಂದ ನೋಡಿದರೆ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, 'ಮುದ್ರಣ' ಎಂದು ನನ್ನ ಅಂಗಡಿಯ ಹೆಸರಿತ್ತು. ಅದಕ್ಕೆ ಜಾಗ ಸಾಲದೆ, ಎಲ್ಲರೂ ಊಟಕ್ಕೆ ಎದ್ದ ಮೇಲೆ, ಚೈತ್ರಳನ್ನು ಕೊನೆಯ ಸಲ ಅಂಚಿನಿಂದಾಚೆ ಸರಿಸಿದ್ದು ನಾನೇ. ಆ ಒಂದು ಸಲ ಮಾತ್ರ ನನ್ನ ಕೈ ಅರ್ಧ ದಾರಿಯಲ್ಲಿ ನಿಂತಿರಲಿಲ್ಲ.

ಚೈತ್ರ ಅದರ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿ, "ನಮ್ಮಪ್ಪ ತಾನೆ, ವಸಿ ಸರ್ಕೋತಾರೆ ಬುಡಿ" ಎಂದು ನನ್ನನ್ನು ಮೇಜಿನಿಂದಾಚೆ ತಳ್ಳಿದಳು.